ಬಾಗಿಲ ಹೊರಗಿನ ತೋರಣ ಯಾರಿಗೆ?

ಮನೆಯೊಳಗೆ ಕುಳಿತವರಿಗೆ ತಮ್ಮ ಮನೆಯ ತೋರಣ ಕಾಣುವುದಿಲ್ಲ. ಅದರ ಮುಖ ಇರುವುದು ಬೀದಿಯ ಕಡೆಗೆ. ಹಬ್ಬದ ದಿನ ಬೆಳಗಾಗುವ ಮೊದಲೇ ಎದ್ದು, ಮಾವಿನ ಸೊಪ್ಪನ್ನು ಹಗ್ಗಕ್ಕೆ ಸಿಕ್ಕಿಸಿ, ಸ್ಟೂಲು ಹತ್ತಿ ಬಾಗಿಲ ನೆತ್ತಿಗೆ ಕಟ್ಟಿದ ಯಜಮಾನ ಅಂಗಳಕ್ಕಿಳಿದು ಅದನ್ನೊಮ್ಮೆ ನೋಡಿ ಒಳಗೆ ಹೋಗುತ್ತಾನೆ. ಆ ಮೇಲೆ ದಿನವಿಡೀ ಅದನ್ನು ನೋಡುವವರು ಹಾಲು ತರುವವನು, ಪೇಪರು ಹಾಕುವ ಹುಡುಗ, ಕೆಲಸಕ್ಕೆ ಹೊರಟ ಹೆಂಗಸರು, ಹೆಸರು ಗೊತ್ತಿಲ್ಲದ ದಾರಿಹೋಕರು. ಹಬ್ಬದ ಅಡುಗೆ ಉಣ್ಣುವವರಿಗೆ ಸಲ್ಲುತ್ತದೆ, ಹೊಸ ಬಟ್ಟೆ ಉಡುವವರಿಗೆ ಸಲ್ಲುತ್ತದೆ, ಪ್ರಾರ್ಥನೆ ದೇವರಿಗೆ ಸಲ್ಲುತ್ತದೆ. ಬಾಗಿಲ ಹೊರಗಿನ ಅಲಂಕಾರ ಯಾರಿಗೆ ಸಲ್ಲುತ್ತದೆ?

ಮೇಲುನೋಟಕ್ಕೆ ಇದು ಪ್ರಶ್ನೆಯೇ ಅಲ್ಲವೆನಿಸಬಹುದು. ಆದರೆ ಇದಕ್ಕೆ ನಾವು ಕೊಡುವ ಉತ್ತರದ ಮೇಲೆ ನಮ್ಮ ನೆರೆಹೊರೆ ಎಂಥದ್ದೆಂಬುದು ನಿಂತಿದೆ. ಅಲಂಕಾರ ದಾರಿಹೋಕನಿಗೆ ಕೊಟ್ಟ ಕೊಡುಗೆ ಎನ್ನುವವರಿದ್ದಾರೆ. ಅದು ಬರಿಯ ಜಂಬ, ಇದ್ದವನು ಇಲ್ಲದವನೆದುರು ಮಾಡುವ ಪ್ರದರ್ಶನ ಎನ್ನುವವರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಉತ್ತರವೊಂದು ಸೇರಿಕೊಂಡಿದೆ. ಅಲಂಕಾರವೆಂದರೆ ಗುರುತು, ಈ ಬೀದಿ ಯಾರದ್ದೆಂದು ಸಾರುವ ಗಡಿಕಲ್ಲು ಎಂಬ ಉತ್ತರ ಅದು.

ಉಡುಪಿ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಯನ್ನು ಕಣ್ಣಾರೆ ಪರೀಕ್ಷಿಸಲು 2025ರ ವಸಂತ ಒಂದು ಒಳ್ಳೆಯ ಅವಕಾಶ ಒದಗಿಸಿತ್ತು. ಆ ವರ್ಷ ಮಾರ್ಚ್ 30 ಚಾಂದ್ರಮಾನ ಯುಗಾದಿ, ಮಾರ್ಚ್ 31 ಈದುಲ್ ಫಿತ್ರ್. ಏಪ್ರಿಲ್ 13 ಕ್ರೈಸ್ತರ ಗರಿಗಳ ಭಾನುವಾರ, ಮರುದಿನ ತುಳುನಾಡಿನ ಬಿಸು, ಏಪ್ರಿಲ್ 20 ಈಸ್ಟರ್. ಯುಗಾದಿ ಮತ್ತು ಈದ್ ಬೆನ್ನುಬೆನ್ನಿಗೆ ಬಂದುದು ಆಕಸ್ಮಿಕವೂ ಅಲ್ಲ. ಎರಡೂ ಅಮಾವಾಸ್ಯೆಯ ಹಿಂದೆಯೇ ಬರುವ ಹಬ್ಬಗಳು. ಹಿಜ್ರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದುದರಿಂದ ಈದ್ ಮಳೆಗಾಲ ಚಳಿಗಾಲಗಳನ್ನೆಲ್ಲ ಸುತ್ತಿ ವಸಂತಕ್ಕೆ ಮರಳಲು ಸುಮಾರು 33 ವರ್ಷ ಬೇಕು. ಮರಳಿದಾಗ ಒಂದೇ ಅಮಾವಾಸ್ಯೆ ಎರಡು ಸಮುದಾಯಗಳ ಮನೆಗೆ ಹಬ್ಬ ತರುತ್ತದೆ. ಯುಗಾದಿಗೆ ಚಂದ್ರದರ್ಶನ ಮಾಡುವ ರೂಢಿ ಕರ್ನಾಟಕದ ಹಲವೆಡೆ ಇದೆ. ಈದ್ ನಿಶ್ಚಯವಾಗುವುದೂ ಚಂದ್ರನನ್ನು ಕಂಡ ಮೇಲೆಯೇ. ಆ ಮಾರ್ಚ್ 30ರ ಸಂಜೆ ಪಡುವಣ ದಿಕ್ಕಿಗೆ ಕಣ್ಣು ನೆಟ್ಟವರಲ್ಲಿ ಇವರೂ ಇದ್ದರು, ಅವರೂ ಇದ್ದರು.

ಇಂಥ ದಿನಗಳಲ್ಲಿ ಸಂಜೆ ಹೊತ್ತು ಕಾಲ್ನಡಿಗೆಯಲ್ಲಿ ಹೊರಟರೆ ಕಾಣುವುದು ಬಹಳ. ಉಡುಪಿಯ ರಥಬೀದಿಯ ಆಸುಪಾಸಿನ ತೆಂಕಪೇಟೆ, ಬಡಗುಪೇಟೆಗಳ ಹಳೆಯ ಮನೆಗಳಲ್ಲಿ ಮಾವಿನ ತೋರಣ, ಹೊಸ್ತಿಲಲ್ಲಿ ರಂಗೋಲಿ. ಮಣಿಪಾಲದ ಫ್ಲಾಟುಗಳ ಬಾಲ್ಕನಿಗಳಲ್ಲಿ ದೂರದ ಊರುಗಳಿಂದ ಓದಲು ಬಂದ ಮಕ್ಕಳು ಸುತ್ತಿದ ಬಣ್ಣದ ಬಲ್ಬುಗಳು. ವಿಷುವಿಗೆ ಊರಿಗೆ ಹೋಗಲಾಗದ ಮಲಯಾಳಿ ಹುಡುಗಿಯರು ರಸ್ತೆ ಬದಿಯ ಕಕ್ಕೆ ಮರದಿಂದ ಹಳದಿ ಹೂಗೊಂಚಲು ಮುರಿದು ಕೊಂಡೊಯ್ಯುವುದೂ ಕಾಣಸಿಗುತ್ತದೆ. ಕಾಪು, ಮಲ್ಲಾರು, ಉಚ್ಚಿಲದ ಓಣಿಗಳಲ್ಲಿ ರಟ್ಟು ಕತ್ತರಿಸಿ ಬೆಳ್ಳಿ ಕಾಗದ ಅಂಟಿಸಿದ ಬಾಲಚಂದ್ರ. ಗಲ್ಫಿನಿಂದ ಬಂದ ಸೂಟ್‌ಕೇಸಿನಲ್ಲಿ ಮಡಚಿಟ್ಟು ತಂದ ಫಾನೂಸ್, ಅಂದರೆ ಈಜಿಪ್ಟಿನ ರಮಝಾನ್ ಲಾಂದ್ರ. ಕಾರ್ಕಳದ ಕಡೆ ಕ್ರೈಸ್ತ ಮನೆಗಳಲ್ಲಿ ಇಗರ್ಜಿಯಿಂದ ಆಶೀರ್ವದಿಸಿ ತಂದ ಗರಿ.

ಹಬ್ಬದ ಹಂಗಿಲ್ಲದ ತಮಾಷೆಗಳೂ ಇವೆ. ಹಳೆಯ ಟಯರನ್ನು ಕೊಯ್ದು ಹಂಸ ಮಾಡಿ, ಬಿಳಿ ಬಣ್ಣ ಬಳಿದು, ಅದರ ಬೆನ್ನಿನಲ್ಲಿ ದಾಸವಾಳ ನೆಟ್ಟವರಿದ್ದಾರೆ. ಕೆಟ್ಟುಹೋದ ಸಿ.ಡಿ.ಗಳನ್ನು ಮಾವಿನ ಕೊಂಬೆಗೆ ಕಟ್ಟಿ ಬಿಸಿಲಿನಲ್ಲಿ ಮಿಂಚಿಸಿದವರಿದ್ದಾರೆ. ಅದು ಕಾಗೆಗಳನ್ನು ಬೆದರಿಸಲು ಕಟ್ಟಿದ್ದೋ ಮಕ್ಕಳನ್ನು ನಗಿಸಲು ಕಟ್ಟಿದ್ದೋ ಹೇಳುವುದು ಕಷ್ಟ. ಇವುಗಳಿಗೆ ಯಾವ ಶಾಸ್ತ್ರವೂ ಇಲ್ಲ, ದೊಡ್ಡ ಖರ್ಚೂ ಇಲ್ಲ. ದಾರಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು ಮುಗುಳ್ನಕ್ಕರೆ ಅವುಗಳ ಕೆಲಸ ಮುಗಿಯಿತು.

ಆದರೆ ಇದೇ ಓಣಿಗಳಲ್ಲಿ ಇನ್ನೊಂದು ಬಗೆಯ ಅಲಂಕಾರವೂ ಇದೆ. ಕಟ್ಟುತ್ತಿರುವ ಮನೆಯೆದುರು ಹಳೆಯ ಪ್ಯಾಂಟು ಶರ್ಟಿಗೆ ಬೈಹುಲ್ಲು ತುಂಬಿ, ತಲೆಗೊಂದು ಮಡಕೆ ಕವುಚಿ, ಕೆಲವೊಮ್ಮೆ ಹೆಲ್ಮೆಟ್ಟನ್ನೂ ಹಾಕಿ ನಿಲ್ಲಿಸಿದ ಬೆರ್ಚಪ್ಪ. ಬಾಗಿಲ ಬದಿಯಲ್ಲಿ ಮೀಸೆ, ಕೋರೆಹಲ್ಲು, ಕೆಂಪು ನಾಲಗೆ ಬರೆದು ನೇತುಹಾಕಿದ ಬೂದುಗುಂಬಳಕಾಯಿ. ನಮ್ಮ ಅನೇಕ ಮನೆಗಳ ಮುಂಬಾಗಿಲಲ್ಲಿ 'ಮಾಶಾ ಅಲ್ಲಾಹ್' ಎಂದು ಕೆತ್ತಿಸಿದ ಫಲಕ. ಇವೆಲ್ಲ ದೃಷ್ಟಿ ತಾಗದಿರಲೆಂದು ಹಾಕುವಂಥವು. 'ಮಾಶಾ ಅಲ್ಲಾಹ್' ಎಂಬುದು ಮೂಲತಃ ಕೃತಜ್ಞತೆಯ ಮಾತು, ಇದು ಅಲ್ಲಾಹನ ಇಚ್ಛೆಯಿಂದ ಆದದ್ದು ಎಂಬ ಒಪ್ಪಿಗೆ. ಆದರೂ ಅದನ್ನು ಬಾಗಿಲಿಗೆ ಹಚ್ಚಿಸುವವರ ಮನಸ್ಸಿನಲ್ಲಿ ಬೇರೆಯವರ ಕಣ್ಣಿನ ಭಯವೂ ಇರುತ್ತದೆಂಬುದನ್ನು ಅಲ್ಲಗಳೆಯಲಾಗದು.

ಈಗ ನೋಡಿ, ಒಂದೇ ಬಾಗಿಲಲ್ಲಿ ತೋರಣವೂ ಇದೆ, ದೃಷ್ಟಿಗೊಂಬೆಯೂ ಇದೆ. ಒಂದು 'ಬನ್ನಿ, ನೋಡಿ' ಎನ್ನುತ್ತದೆ. ಇನ್ನೊಂದು 'ನೋಡಿದರೆ ಜಾಗ್ರತೆ' ಎನ್ನುತ್ತದೆ. ಮನುಷ್ಯನಿಗೆ ಇನ್ನೊಬ್ಬರ ಕಣ್ಣು ಬೇಕು, ಅದೇ ಹೊತ್ತಿಗೆ ಅದರ ಭಯವೂ ಇದೆ.

ಈ ದ್ವಂದ್ವವನ್ನು ಕುರಿತು ಹಿಂದಿನವರು ಯೋಚಿಸದೆ ಇಲ್ಲ. ಜರ್ಮನಿಯ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ಸೌಂದರ್ಯವನ್ನು ಕುರಿತ ತನ್ನ 1790ರ ಗ್ರಂಥದಲ್ಲಿ ನಿರ್ಜನ ದ್ವೀಪದಲ್ಲಿ ಒಂಟಿಯಾದ ಮನುಷ್ಯನ ಪ್ರಸ್ತಾಪ ಮಾಡುತ್ತಾನೆ. ಅಂಥವನು ತನಗೋಸ್ಕರವಾಗಿ ತನ್ನ ಗುಡಿಸಲನ್ನಾಗಲಿ ತನ್ನನ್ನಾಗಲಿ ಅಲಂಕರಿಸಿಕೊಳ್ಳುವುದಿಲ್ಲ, ಹೂವುಗಳನ್ನು ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ಕಾಂಟ್‌ನ ಅಭಿಪ್ರಾಯ. ಅಲಂಕಾರ ಹುಟ್ಟುವುದೇ ಸಮಾಜದಲ್ಲಿ, ಇತರರೊಡನೆ ಸಂತೋಷ ಹಂಚಿಕೊಳ್ಳುವ ಒಲವಿನಲ್ಲಿ ಎಂದು ಅವನ ವಾದ.

ಆದರೆ ಅವನಿಗಿಂತ ಆರು ನೂರು ವರ್ಷಗಳ ಹಿಂದೆ, 12ನೇ ಶತಮಾನದ ಆಂಡಲೂಸಿಯಾದಲ್ಲಿ ಇಬ್ನ್ ತುಫೈಲ್ ಇಂಥದೇ ದ್ವೀಪದ ಕತೆ ಹೇಳಿದ್ದ. 'ಹಯ್ ಇಬ್ನ್ ಯಕ್‌ಝಾನ್' ಎಂಬ ಆ ಕೃತಿಯ ನಾಯಕ ಮನುಷ್ಯರನ್ನೇ ಕಾಣದೆ ಜಿಂಕೆಯ ಹಾಲು ಕುಡಿದು ಬೆಳೆದವನು. ಅವನು ತನ್ನಷ್ಟಕ್ಕೇ ಚಿಂತಿಸುತ್ತ ಸೃಷ್ಟಿಕರ್ತನ ಅರಿವಿಗೆ ತಲುಪುತ್ತಾನೆ. ಆಗ ಅವನು ಮಾಡುವ ಕೆಲಸಗಳು ಗಮನಾರ್ಹ. ನೋಡುವವರು ಒಬ್ಬರೂ ಇಲ್ಲದ ಆ ದ್ವೀಪದಲ್ಲಿ ಅವನು ಮಿಂದು ಶುಚಿಯಾಗುತ್ತಾನೆ, ಉಗುರು ಹಲ್ಲುಗಳನ್ನು ಚೊಕ್ಕಟವಾಗಿಟ್ಟುಕೊಳ್ಳುತ್ತಾನೆ, ಪರಿಮಳದ ಸಸ್ಯಗಳನ್ನು ಮೈಗೂ ಬಟ್ಟೆಗೂ ಲೇಪಿಸಿಕೊಳ್ಳುತ್ತಾನೆ. ಜೊತೆಗೆ, ಯಾವುದಾದರೂ ಗಿಡಕ್ಕೆ ಬಿಸಿಲು ಬೀಳದಂತೆ ಅಡ್ಡ ಇರುವುದನ್ನು ಸರಿಸುತ್ತಾನೆ, ಬಾಡಿದ್ದಕ್ಕೆ ನೀರೆರೆಯುತ್ತಾನೆ. ಅವನ ಪಾಲಿಗೆ ತಾನು ಚೆನ್ನಾಗಿರುವುದೂ ಇತರ ಜೀವಗಳನ್ನು ಪೋಷಿಸುವುದೂ ಒಂದೇ ಭಕ್ತಿಯ ಎರಡು ಮುಖಗಳು.

ಇಬ್ಬರಲ್ಲಿ ಯಾರು ಸರಿ? 2020ರ ವಸಂತ ಇದಕ್ಕೆ ಅನಿರೀಕ್ಷಿತವಾಗಿ ಒಂದು ಪರೀಕ್ಷೆ ಒಡ್ಡಿತು. ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವಿಡೀ ಲಾಕ್‌ಡೌನ್ ಆಯಿತು, ಮರುದಿನವೇ ಯುಗಾದಿ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಆದರೂ ಎಷ್ಟೋ ಮನೆಗಳ ಬಾಗಿಲಿಗೆ ತೋರಣ ಬಂತು. ಆ ವರ್ಷದ ಈದ್ ಕೂಡ ಹಾಗೆಯೇ. ಈದ್ಗಾ ಇಲ್ಲ, ಆಲಿಂಗನ ಇಲ್ಲ, ಮನೆಯಲ್ಲೇ ನಮಾಝ್. ಆದರೂ ಮಕ್ಕಳು ಹೊಸಬಟ್ಟೆ ಸಿಗದಿದ್ದರೆ ಇದ್ದುದರಲ್ಲೇ ಒಳ್ಳೆಯದನ್ನು ಉಟ್ಟರು, ಅತ್ತರು ಹಚ್ಚಿಕೊಂಡರು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 2021ರಲ್ಲಿ ಸೋಂಕಿನ ಕಾರಣಕ್ಕೆ ಮಾರ್ಡಿ ಗ್ರಾ ಉತ್ಸವದ ಮೆರವಣಿಗೆಗಳು ರದ್ದಾದಾಗ ಜನ ತಮ್ಮ ಮನೆಗಳನ್ನೇ ಉತ್ಸವದ ರಥಗಳಂತೆ ಸಿಂಗರಿಸಿದರು. ಸಾವಿರಾರು ಮನೆಗಳು ಹೀಗೆ ರಥಗಳಾದವು, ಜನ ದೂರದೂರ ನಿಂತು ನೋಡುತ್ತ ನಡೆದರು. ರಥಬೀದಿಯ ಉಡುಪಿಯವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಇಲ್ಲಿ ರಥ ಮನೆಗಳ ಮುಂದೆ ಬರುತ್ತದೆ, ಅಲ್ಲಿ ಆ ವರ್ಷ ಜನರೇ ಮನೆಗಳ ಮುಂದೆ ಹೋದರು. ಒಟ್ಟಿನಲ್ಲಿ, ನೋಡುವವರಿಲ್ಲದಾಗಲೂ ಮನುಷ್ಯ ಅಲಂಕರಿಸುತ್ತಾನೆ. ಆದರೆ ನೋಡುವವರು ಇಂದಲ್ಲ ನಾಳೆ ಬರುತ್ತಾರೆಂಬ ನಿರೀಕ್ಷೆಯನ್ನೂ ಬಿಡುವುದಿಲ್ಲ.

ಇಸ್ಲಾಮಿನ ಪಾಠಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರಮಝಾನ್ ದೀಪಗಳ ಬಗ್ಗೆ ನಮ್ಮ ಮನೆಗಳಲ್ಲಿ ಈಗ ಚರ್ಚೆ ನಡೆಯುತ್ತಿರುತ್ತದೆ. 'ಇದೆಲ್ಲ ನಮ್ಮ ಕಾಲದಲ್ಲಿ ಇರಲಿಲ್ಲ, ಆ ದುಡ್ಡನ್ನು ಬಡವರಿಗೆ ಕೊಡಿ' ಎಂದು ಹಿರಿಯರು ಹೇಳುತ್ತಾರೆ. 'ಮಕ್ಕಳಿಗೂ ಹಬ್ಬ ಬೇಡವೇ?' ಎಂದು ಕಿರಿಯರು ಕೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಕುರ್‌ಆನಿನ ಏಳನೆಯ ಅಧ್ಯಾಯದಲ್ಲಿ ಅಕ್ಕಪಕ್ಕದ ಎರಡು ವಚನಗಳಲ್ಲಿ ಈ ಎರಡೂ ಸಂಗತಿಗಳಿವೆ. ಒಂದು ದುಂದುವೆಚ್ಚವನ್ನು ನಿಷೇಧಿಸುತ್ತದೆ. ಮುಂದಿನದು ಅಲ್ಲಾಹನು ತನ್ನ ದಾಸರಿಗಾಗಿ ಒದಗಿಸಿದ ಅಲಂಕಾರವನ್ನು ನಿಷಿದ್ಧಗೊಳಿಸಿದವರಾರು ಎಂದು ಕೇಳುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ.

ಹಝ್ರತ್ ಆಯಿಶಾ(ರ) ಅವರ ಮನೆಯ ಒಂದು ಪ್ರಸಂಗ ಸಹೀಹ್ ಮುಸ್ಲಿಮಿನಲ್ಲಿದೆ. ಪ್ರವಾದಿ(ಸ) ಯಾತ್ರೆಯಿಂದ ಮರಳುವ ಹೊತ್ತಿಗೆ ಅವರು ಬಾಗಿಲಿಗೊಂದು ಚೆಂದದ ಪರದೆ ಕಟ್ಟಿದ್ದರು. ಪ್ರವಾದಿಯವರು ಅದನ್ನು ಕಂಡು ಅಸಮಾಧಾನದಿಂದ ಎಳೆದು ಹರಿದರು. ಕಲ್ಲು ಮಣ್ಣುಗಳಿಗೆ ಬಟ್ಟೆ ತೊಡಿಸಲು ಅಲ್ಲಾಹನು ನಮಗೆ ಆದೇಶಿಸಿಲ್ಲ ಎಂಬುದು ಅವರ ಮಾತಿನ ಸಾರಾಂಶ. ಸಾಮಾನ್ಯವಾಗಿ ಈ ಪ್ರಸಂಗವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಅಷ್ಟೇ ಮುಖ್ಯ. ಆಯಿಶಾ(ರ) ಆ ಬಟ್ಟೆಯನ್ನು ಎಸೆಯಲಿಲ್ಲ. ಅದನ್ನು ಕತ್ತರಿಸಿ, ಖರ್ಜೂರದ ನಾರು ತುಂಬಿ ಎರಡು ದಿಂಬು ಮಾಡಿದರು. ಅದಕ್ಕೆ ಪ್ರವಾದಿಯವರು ಆಕ್ಷೇಪಿಸಲಿಲ್ಲ. ಬಟ್ಟೆ ಅದೇ, ಅದರ ಚೆಂದವೂ ಅದೇ. ಗೋಡೆಗೆ ಸಲ್ಲುತ್ತಿದ್ದುದು ದಣಿದು ಬಂದವನ ಬೆನ್ನಿಗೆ ಸಂದಿತು. ಈ ಪ್ರಸಂಗದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಚರ್ಚೆಗಳೂ ಇವೆ. ಆದರೆ ಅಲಂಕಾರ ಮನುಷ್ಯನಿಗೆ ಒದಗಬೇಕೆಂಬ ಪಾಠವನ್ನು ಇದರಿಂದ ಯಾರೂ ಕಲಿಯಬಹುದು.

ಹಾಗಾದರೆ ಜಂಬದ ಪ್ರಶ್ನೆ? ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ ಪ್ರವಾದಿ(ಸ) ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಉತ್ತರಿಸಿದರು. ಅಹಂಕಾರವೆಂದರೆ ಸತ್ಯವನ್ನು ಧಿಕ್ಕರಿಸುವುದು ಮತ್ತು ಜನರನ್ನು ತುಚ್ಛವಾಗಿ ಕಾಣುವುದು ಎಂದು ವಿವರಿಸಿದರು. ಅಂದರೆ ದೋಷ ವಸ್ತುವಿನಲ್ಲಿಲ್ಲ, ಅದನ್ನು ಹಿಡಿದುಕೊಂಡು ನಾವು ಎದುರಿನವರನ್ನು ಹೇಗೆ ನೋಡುತ್ತೇವೆ ಎಂಬುದರಲ್ಲಿದೆ. ಇಮಾಂ ಗಝ್ಝಾಲಿ (1058-1111) ತೋರಿಕೆಯ ರೋಗವನ್ನು ವಿಶ್ಲೇಷಿಸುವಾಗ ಅದು ಮೈಯಲ್ಲಿ, ಉಡುಪಿನಲ್ಲಿ, ಮಾತಿನಲ್ಲಿ, ಕರ್ಮದಲ್ಲಿ, ಸಹವಾಸದಲ್ಲಿ ಹೇಗೆ ಅಡಗಿರುತ್ತದೆಂದು ಬಿಡಿಸಿ ತೋರಿಸುತ್ತಾರೆ. ಹರಕು ಬಟ್ಟೆ ಉಟ್ಟು ವೈರಾಗ್ಯ ತೋರಿಸುವುದೂ ಅವರ ಪಟ್ಟಿಯಲ್ಲಿದೆ. ಆದ್ದರಿಂದ ದೀಪ ಹಚ್ಚದವನು ಹಚ್ಚಿದವನಿಗಿಂತ ವಿನಯವಂತನೆಂದು ಹೇಳಲು ಬರುವುದಿಲ್ಲ.

ದೃಷ್ಟಿಯ ವಿಷಯದಲ್ಲಿ ಮಾತ್ರ ಒಂದು ಹದೀಸ್ ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ತಿರುಗುಮುರುಗು ಮಾಡುತ್ತದೆ. ಸಹ್ಲ್ ಬಿನ್ ಹುನೈಫ್(ರ) ಸ್ನಾನ ಮಾಡುತ್ತಿದ್ದಾಗ ಅವರ ಮೈಕಾಂತಿಯನ್ನು ಆಮಿರ್ ಬಿನ್ ರಬೀಆ(ರ) ಬೆರಗಿನಿಂದ ಹೊಗಳಿದರು. ಅದರ ಬೆನ್ನಿಗೇ ಸಹ್ಲ್ ಕಾಯಿಲೆ ಬಿದ್ದರು. ವಿಷಯ ತಿಳಿದ ಪ್ರವಾದಿ(ಸ) ಮೈ ಮುಚ್ಚಿಕೊಳ್ಳಬೇಕಿತ್ತೆಂದು ಸಹ್ಲ್‌ರಿಗೆ ಹೇಳಲಿಲ್ಲ. ನೋಡಿದವರನ್ನು ಕರೆಸಿ ಗದರಿದರು. ಸಹೋದರನಲ್ಲಿ ಮೆಚ್ಚುವಂಥದ್ದು ಕಂಡರೆ ಅವನ ಬರಕತ್ತಿಗಾಗಿ ಪ್ರಾರ್ಥಿಸಬಾರದಿತ್ತೇ ಎಂದು ಕೇಳಿದರು. ಇಲ್ಲಿ ಹೊಣೆ ಬಿದ್ದುದು ನೋಡುವವನ ಮೇಲೆ. ಬೆರ್ಚಪ್ಪನನ್ನು ನಿಲ್ಲಿಸುವ ನಮ್ಮ ರೂಢಿ ಎದುರಿನವನ ಕಣ್ಣು ಕೆಟ್ಟದ್ದೆಂದು ಮೊದಲೇ ತೀರ್ಮಾನಿಸಿ ಮನೆಯನ್ನು ಕಾಯಲು ಹೊರಡುತ್ತದೆ. ಈ ಹದೀಸ್ ಕಣ್ಣನ್ನು ತಿದ್ದುತ್ತದೆ. ಇನ್ನೊಬ್ಬರ ಚೆಂದವನ್ನು ಕಂಡಾಗ ಅವರ ಒಳಿತನ್ನು ಬಯಸುವುದು ಒಂದು ಕರ್ತವ್ಯ. ಅದು ರೂಢಿಯಾದ ಊರಿನಲ್ಲಿ ದೃಷ್ಟಿಗೊಂಬೆಗಳಿಗೆ ಹೆಚ್ಚು ಕೆಲಸವಿರುವುದಿಲ್ಲ.

ಬಿಸುವಿನ ಕಣಿಯೂ ನೋಟವನ್ನು ಕಲಿಸುವ ಒಂದು ಆಚರಣೆಯೇ. ಹಿಂದಿನ ರಾತ್ರಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಮಾವು, ಹಲಸು, ಗೇರುಹಣ್ಣು, ವೀಳ್ಯದೆಲೆ, ಅಡಿಕೆಗಳನ್ನು ಓರಣವಾಗಿ ಇಟ್ಟು ಪಕ್ಕದಲ್ಲೊಂದು ಕನ್ನಡಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಎದ್ದವರು ಮೊದಲು ಕಣ್ಣು ಬಿಡುವುದು ಅದರೆದುರು. ಭೂಮಿ ಕೊಟ್ಟ ಬೆಳೆಯ ನಡುವೆ ತನ್ನ ಮುಖವನ್ನು ಕಂಡು ವರ್ಷ ಆರಂಭಿಸಬೇಕೆಂಬುದು ಅದರ ಆಶಯವಿರಬೇಕು. ಅಲ್ಲಿರುವ ಹಣ್ಣು ತರಕಾರಿಗಳು ಆಮೇಲೆ ಅಡುಗೆಮನೆಗೆ ಹೋಗುತ್ತವೆ. ಆಯಿಶಾ(ರ) ಅವರ ದಿಂಬಿನ ಹಾಗೆ ಇಲ್ಲಿಯೂ ಚೆಂದ ಉಪಯೋಗಕ್ಕೆ ಬರುತ್ತದೆ.

ಈ ಪ್ರದೇಶದ ಅಲಂಕಾರಗಳನ್ನು ಕಟ್ಟಿದ ಕೈಗಳನ್ನು ಹುಡುಕುತ್ತ ಹೋದರೆ ಅವು ಒಂದೇ ಸಮುದಾಯದ್ದಾಗಿರುವುದು ಅಪರೂಪ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಿಕೆ ಪಡೆದ ಈ ಉಡುಪಿ ಮಲ್ಲಿಗೆಯನ್ನು ಬೆಳೆದು ಹೆಸರು ಮಾಡಿಸಿದವರಲ್ಲಿ ಕ್ರೈಸ್ತ ಕುಟುಂಬಗಳ ಪಾಲು ದೊಡ್ಡದು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಸುಕಿನಲ್ಲಿ ಕೊಯ್ದು, ಮನೆಯವರೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟಿದ ಆ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ಬ್ಯಾರಿ ಮದುಮಗಳ ಮುಡಿಗೂ ಹೋಗುತ್ತದೆ.

ನಮ್ಮ ಬಾಲ್ಯದ ಮನೆಯ ಹಿತ್ತಲಲ್ಲಿ ಒಂದು ಕಾಟುಮಾವಿನ ಮರವಿತ್ತು. ಹಬ್ಬದ ಹಿಂದಿನ ಸಂಜೆ ನೆರೆಮನೆಯ ಹುಡುಗ ಬೇಲಿಯಾಚೆ ನಿಂತು "ಮಾಮೀ, ತೋರಣಕ್ಕೆ ನಾಲ್ಕು ಸೊಪ್ಪು ಕೊಯ್ಯಲಾ?" ಎಂದು ಕೇಳುತ್ತಿದ್ದ. "ಕೊಯ್ಯಿ ಮಗಾ, ಮೇಲಿನದ್ದು ಕೊಯ್ಯಿ. ಕೆಳಗಿನದ್ದಕ್ಕೆಲ್ಲ ಆಡು ಬಾಯಿ ಹಾಕಿದೆ" ಎಂದು ಉಮ್ಮ ಹೇಳುತ್ತಿದ್ದರು. ಮರುದಿನ ಆ ಮನೆಯ ಮುಂದಿನಿಂದ ಹಾದುಹೋಗುವಾಗ ಅವರ ನಡಿಗೆ ತುಸು ನಿಧಾನವಾಗುತ್ತಿತ್ತು. "ನಮ್ಮ ಮರದ ಸೊಪ್ಪು ಎಷ್ಟು ಚೆಂದ ಕಾಣ್ತದೆ ನೋಡು" ಎನ್ನುತ್ತಿದ್ದರು. ತೋರಣ ಅವರ ಹಬ್ಬದ್ದಾಗಿರಲಿಲ್ಲ, ಅದನ್ನು ತಮ್ಮ ಬಾಗಿಲಿಗೆ ಕಟ್ಟುವ ಯೋಚನೆಯೂ ಅವರಿಗಿರಲಿಲ್ಲ. ಆದರೆ ಮೆಚ್ಚಿ ನೋಡಲು ಅವರ ಈಮಾನ್ ಅಡ್ಡಬರಲಿಲ್ಲ. ಇನ್ನೊಬ್ಬರ ಆರಾಧನೆಯಲ್ಲಿ ಪಾಲುಗೊಳ್ಳುವುದು ಬೇರೆ, ಅವರ ಸಂತೋಷವನ್ನು ಕಂಡು ಸಂತೋಷಪಡುವುದು ಬೇರೆ. ಶಾಲೆಗೆ ಹೋಗದ ಉಮ್ಮಂದಿರಿಗೆ ತಿಳಿದಿದ್ದ ಈ ವ್ಯತ್ಯಾಸವನ್ನು ಓದಿದವರಾದ ನಾವು ಈಗ ಭಾಷಣಗಳಲ್ಲಿ ವಿವರಿಸಬೇಕಾಗಿ ಬಂದಿದೆ.

ಬದಲಾವಣೆ ಮನೆಗಳ ಕಟ್ಟೋಣದಲ್ಲೇ ಶುರುವಾಯಿತು. ಕರಾವಳಿಯ ಹಳೆಯ ಮನೆಗೆ ಜಗಲಿ ಇತ್ತು. ಬಿಸಿಲಲ್ಲಿ ಬಂದವನು ಜಾತಿ ಹೇಳಿಕೊಂಡು ಒಳಗೆ ಹೋಗಲಾಗದಿದ್ದರೂ ಜಗಲಿಯಲ್ಲಿ ಕೂರಬಹುದಿತ್ತು, ಒಂದು ತುಂಡು ಬೆಲ್ಲ ಮತ್ತು ನೀರು ಸಿಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಮೇಲುಕೀಳು ಧಾರಾಳವಾಗಿತ್ತು, ಜಗಲಿಯವರೆಗೂ ಬರಲಾಗದವರಿದ್ದರು. ಅದನ್ನು ಮರೆತು ಹಳೆಯದನ್ನು ಹಾಡಿ ಹೊಗಳಬೇಕಿಲ್ಲ. ಆದರೆ ಇಂದು ಜಗಲಿಯ ಜಾಗದಲ್ಲಿ ಎಲ್ಲರಿಗೂ ತೆರೆದ ಬಾಗಿಲು ಬರಲಿಲ್ಲ, ಆಳೆತ್ತರದ ಕಂಪೌಂಡು ಗೋಡೆ ಬಂತು, ಗೇಟು ಬಂತು, ಕ್ಯಾಮರಾ ಬಂತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಳಚಿಹಾಕಲಿದ್ದ ಹಳೆಯ ಮನೆಗಳನ್ನು ತೊಲೆ ಬಾಗಿಲುಗಳ ಸಮೇತ ತಂದು ಮತ್ತೆ ಕಟ್ಟಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ರೂಪಿಸಿದರು. 2017ರಲ್ಲಿ ತೀರಿಕೊಂಡ ಅವರ ಆ ಸಾಧನೆ ದೊಡ್ಡದು. ಅಲ್ಲಿ ಬ್ರಾಹ್ಮಣರ ಮನೆಯೂ ಇದೆ, ಕ್ರೈಸ್ತರ ಮನೆಯೂ ಇದೆ, ಭಟ್ಕಳದ ನವಾಯತ ಮನೆಯೂ ಇದೆ, ಎಲ್ಲವೂ ನೆರೆಹೊರೆಯಾಗಿ ನಿಂತಿವೆ. ಆದರೆ ಆ ಜಗಲಿಗಳನ್ನು ಈಗ ಟಿಕೆಟ್ ಪಡೆದು ನೋಡಬೇಕು. ನಾವು ವಾಸವಾಗಿರುವ ಮನೆಗಳಲ್ಲಿ ದೀಪಮಾಲೆ ಹೆಚ್ಚಾಗಿದೆ, ಅದನ್ನು ನೋಡಲು ನಿಂತವನಿಗೆ 'ಯಾರು ಬೇಕಿತ್ತು?' ಎಂಬ ಪ್ರಶ್ನೆ ಎದುರಾಗುತ್ತದೆ.

ಗೇಟಿನಿಂದ ಮುಂದೆ ಬೀದಿಗೆ ಬಂದರೆ ಗಡಿಯ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಬ್ಬದ ಬಂಟಿಂಗ್ಸ್, ಬಾವುಟ, ಕಮಾನುಗಳು ಸರ್ಕಲ್ಲುಗಳನ್ನು ಆಕ್ರಮಿಸುವ ಪೈಪೋಟಿ ಎಲ್ಲ ಕಡೆ ಇದೆ. ಅವರು ಇಷ್ಟೆತ್ತರ ಕಟ್ಟಿದರೆ ನಾವು ಅದಕ್ಕಿಂತ ಎತ್ತರ ಕಟ್ಟಬೇಕು. ಇದರಲ್ಲಿ ಮೀಲಾದ್ ಕಮಾನುಗಳೂ ಹಿಂದೆ ಬಿದ್ದಿಲ್ಲ. ಇಂಥ ಅಲಂಕಾರ ಯಾರನ್ನೂ ನಗಿಸುವುದಿಲ್ಲ, ಕೆಲವರನ್ನು ಬೀದಿ ಬದಲಿಸಿ ಹೋಗುವಂತೆ ಮಾಡುತ್ತದೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂದರ್ಭ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ನಿರಾಕರಿಸಿದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಬಳೆ, ಬಲೂನು, ಮಕ್ಕಳ ಆಟಿಕೆಗಳ ಸಾಲು ಜಾತ್ರೆಯ ಅಲಂಕಾರದ ಒಂದು ಭಾಗ. ಅದನ್ನು ಕಟ್ಟುತ್ತಿದ್ದ ಕೈಗಳು ಬೇಡವೆಂದಾಗ ನಷ್ಟ ವ್ಯಾಪಾರಿಯ ದುಡಿಮೆಗಷ್ಟೇ ಆಗಲಿಲ್ಲ. ಅದೇ ದಿನಗಳಲ್ಲಿ ಅದೇ ಊರಿನ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾದಸ್ವರ ನುಡಿಸುತ್ತ ಬಂದ ಮುಸ್ಲಿಂ ಕುಟುಂಬದ ಕುರಿತೂ ಪತ್ರಿಕೆಗಳು ಬರೆದವು. ಒಂದೇ ಊರಿನಲ್ಲಿ ಎರಡೂ ನಿಜ. ಯಾವುದು ಮುಂದುವರಿಯಬೇಕೆಂದು ತೀರ್ಮಾನಿಸಬೇಕಾದವರು ಊರಿನವರೇ.

ಹೀಗಿರುವಾಗ ಬಾಗಿಲ ಹೊರಗಿನ ಅಲಂಕಾರ ಕೊಡುಗೆಯೋ ಜಂಬವೋ ಗಡಿಯೋ ಎಂದು ತಿಳಿಯುವುದು ಹೇಗೆ? ಬಲ್ಬುಗಳನ್ನು ಲೆಕ್ಕ ಹಾಕಿ ತಿಳಿಯಲಾಗದು. ನಮ್ಮವನಲ್ಲದ ಒಬ್ಬ ಬಂದು ಗೇಟಿನೆದುರು ನಿಂತರೆ ಏನಾಗುತ್ತದೆ ಎಂಬುದೇ ಅದರ ಪರೀಕ್ಷೆ. ಅವನಿಗೆ ನಿಲ್ಲಲು ಧೈರ್ಯವಾದರೆ, ಒಳಗಿನಿಂದ ಒಂದು ನಗು ಬಂದರೆ, ಅದು ಕೊಡುಗೆ. ಅವನು ತನ್ನ ಮನೆಯ ಬಡತನ ನೆನೆದು ತಲೆತಗ್ಗಿಸಿ ಹೋದರೆ ಅದು ಜಂಬ. ಹೆದರಿ ಹೆಜ್ಜೆ ಬಿರುಸಾಗಿಸಿದರೆ ಅದು ಗಡಿ. ಟಯರಿನ ಹಂಸವನ್ನು ಕಂಡು ಯಾರೂ ಕೀಳರಿಮೆ ಪಡುವುದಿಲ್ಲ, ಯಾರೂ ಹೆದರುವುದಿಲ್ಲ. ಆಟಿಕೆಯಂಥ ಅಲಂಕಾರಗಳ ದೊಡ್ಡ ಗುಣವಿದು. ಮಗು ಸೊಟ್ಟಗೆ ಕತ್ತರಿಸಿದ ಚಂದ್ರನ ಮೇಲೆ ಸವಾರಿ ಮಾಡಲು ಅಹಂಕಾರಕ್ಕೆ ಜಾಗ ಸಿಗುವುದಿಲ್ಲ.

ಪರೀಕ್ಷೆಯ ಇನ್ನೊಂದು ಬದಿ ನೋಡುವವನದ್ದು. ಯಾರೂ ನಡೆದು ಹೋಗಿ ನೋಡದಿದ್ದರೆ ಕೊಡುಗೆಯನ್ನು ಸ್ವೀಕರಿಸುವವರೇ ಇಲ್ಲವಾಗುತ್ತಾರೆ. ಇಂದು ನಾವು ಬೇರೆಯವರ ಕೇರಿಗಳನ್ನು ಕಾರಿನ ಗಾಜಿನ ಮೂಲಕ ನೋಡುತ್ತೇವೆ, ಇಲ್ಲವೇ ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋದಲ್ಲಿ ನೋಡುತ್ತೇವೆ. ಎರಡರಲ್ಲೂ ಎದುರಿನವರು ನಮ್ಮನ್ನು ನೋಡುವುದಿಲ್ಲ. ಕಾಲ್ನಡಿಗೆಯಲ್ಲಿ ಹೋದಾಗ ಮಾತ್ರ ನೋಟ ಎರಡು ಕಡೆಯಿಂದ ಸಾಧ್ಯ. ನಿಂತು ನೋಡಿದವನು "ಚೆಂದ ಆಗಿದೆ ಅಕ್ಕ, ಯಾರು ಮಾಡಿದ್ದು?" ಎಂದು ಕೇಳಬೇಕಾಗುತ್ತದೆ. ಅವರು "ಮಗಳು ಮಾಡಿದ್ದು" ಎನ್ನುತ್ತಾರೆ. ಬರಕತ್ತಿನ ಪ್ರಾರ್ಥನೆಗೆ ಇಂಥ ಒಂದು ಮಾತೂ ರೂಪ ಕೊಡಬಲ್ಲದು. ಕೇಳದೆ ಫೋಟೋ ತೆಗೆದು ಹೋಗುವುದು ಅದಕ್ಕೆ ಸಮವಾಗದು.

ಕಾರ್ಕಳದಲ್ಲಿ ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಇದ್ದಾನೆ. ಅವನ ಮೈಮೇಲೆ ಒಂದೂ ಆಭರಣವಿಲ್ಲ. ಅವನನ್ನು ಸುತ್ತಿದ ಬಳ್ಳಿ ಅವನಾಗಿ ಕಟ್ಟಿಕೊಂಡದ್ದಲ್ಲ, ಅವನ ಸ್ಥಿರತೆಯನ್ನು ನಂಬಿ ತಾನಾಗಿ ಹಬ್ಬಿದ್ದು. ಎಲ್ಲವನ್ನೂ ಬಿಟ್ಟವನ ದಾರಿ ಅದು, ಸಂಸಾರಿಗಳಾದ ನಮಗೆ ಸಲೀಸಲ್ಲ. ಆದರೆ ಅದೇ ಊರಿನಲ್ಲಿ 1586ರ ಚತುರ್ಮುಖ ಬಸದಿ ಇದೆ. ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕೂ ಕಡೆ ಒಂದೇ ಬಗೆಯ ಮುಖ. ಯಾವ ಕಡೆಯಿಂದ ಬಂದವನಿಗೂ ತಾನು ಹಿಂಬದಿಯಿಂದ ಬಂದೆನೆಂದು ಅನಿಸುವುದಿಲ್ಲ. ನಮ್ಮ ಮನೆಗಳು ಹಾಗೆ ಕಟ್ಟಿದವಲ್ಲ. ನಮ್ಮವರು ಓಡಾಡುವ ರಸ್ತೆಗೆ ಮಾತ್ರ ಅವುಗಳ ಮುಂಬದಿ ಇರುತ್ತದೆ, ಉಳಿದವರಿಗೆ ಹಿತ್ತಲ ಗೋಡೆ.

ಮುಂದಿನ ಹಬ್ಬಕ್ಕೆ, ಅದು ಯಾರದ್ದೇ ಇರಲಿ, ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ನಾವು ಸಾಮಾನ್ಯವಾಗಿ ಕಾಲಿಡದ ಓಣಿಯೊಂದರಲ್ಲಿ ನಡೆಯಬಹುದು. ನಮ್ಮ ಮನೆಯ ದೀಪ ಹಚ್ಚುವಾಗ ಗೇಟನ್ನು ತುಸು ತೆರೆದಿಡಬಹುದು. ಇವು ದೊಡ್ಡ ಸೌಹಾರ್ದ ಸಮಾವೇಶಗಳಲ್ಲ, ವೇದಿಕೆ ಬೇಡ, ಹಾರ ಬೇಡ. ಮಾವಿನೆಲೆಯ ತೋರಣ ಎರಡು ಮೂರು ದಿನಕ್ಕೆ ಒಣಗುತ್ತದೆ, ರಟ್ಟಿನ ಚಂದ್ರನ ಅಂಟು ಮೊದಲ ಮಳೆಗೆ ಬಿಡುತ್ತದೆ. ಅಷ್ಟರೊಳಗೆ ಯಾರಾದರೂ ನಿಂತು ನೋಡಿದರೇ ಎಂಬುದನ್ನು ಮಾತ್ರ ಕಟ್ಟಿದ ಮಗು ಬಹಳ ದಿನ ನೆನಪಿಟ್ಟುಕೊಳ್ಳುತ್ತದೆ.